ದೀಪದ ಗೂಡಿಗೆ ಬಂದ ರೌಟರ್

ನಮ್ಮ ಮನೆಗೆ ಮೊದಲ ರೌಟರ್ ಬಂದದ್ದು ಮಂಗಳವಾರ ಎಂದು ನನ್ನ ದಿನಚರಿ ಹೇಳುತ್ತದೆ. ಅಂಗಡಿಯ ಬಿಲ್ಲು ಶುಕ್ರವಾರ ಎನ್ನುತ್ತದೆ. ನಾನು ಬಿಲ್ಲನ್ನೇ ನಂಬುತ್ತೇನೆ. ದಿನಚರಿ ಬರೆದವಳನ್ನು ನಾನು ಹತ್ತಿರದಿಂದ ಬಲ್ಲೆ: ನಾಲ್ಕು ದಿನದ ಸುದ್ದಿಯನ್ನು ಒಂದೇ ಸಂಜೆ ಕೂತು ಬರೆದು, ಆಯಾ ದಿನವೇ ಬರೆದಂತೆ ತಾರೀಖು ಹಾಕುವ ಚಟ ಅವಳಿಗಿದೆ. ಧಾರವಾಡದಲ್ಲಿ ಇತಿಹಾಸ ಓದುವಾಗ, ಯಾವುದೇ ದಾಖಲೆಯನ್ನು ಓದುವ ಮುನ್ನ ಅದನ್ನು ಬರೆದವರಿಗೆ ಏನು ಬೇಕಾಗಿತ್ತು ಎಂದು ಕೇಳಿಕೊಳ್ಳಿ ಎಂದು ಕಲಿಸಿದ್ದರು. ಸಾಲೋಟಗಿಯ ಶಾಸನದ ಮುಂದೆ ನಿಂತು ಆ ಪ್ರಶ್ನೆ ಕೇಳಿದ್ದೇನೆ. ನನ್ನ ದಿನಚರಿಗೆ ಕೇಳಿರಲಿಲ್ಲ. ಈಗ ಕೇಳಿದರೆ ಉತ್ತರ ಸರಳವಾಗಿದೆ. ರೌಟರಿನ ನೆಪದಲ್ಲಿ ನನಗೆ ಬೇಕಾಗಿದ್ದದ್ದು ಅವ್ವನ ಲಿಂಬಿಕಾಯಿ ಉಪ್ಪಿನಕಾಯಿಯ ಗುಟ್ಟು.

ನಮ್ಮ ಊರು ಇಂಡಿಯಲ್ಲಿ ಲಿಂಬಿ ಉಪ್ಪಿನಕಾಯಿ ಹಾಕದ ಮನೆ ಇಲ್ಲ. ಆದರೂ ಅವ್ವನ ಭರಣಿಯದೇ ಬೇರೆ ಲೆಕ್ಕ. ಮೂರು ವರ್ಷ ಕಳೆದರೂ ಅದರ ಸಿಪ್ಪೆ ಕಹಿಯಾಗುವುದಿಲ್ಲ, ನಾಲಿಗೆಯ ಮೇಲೆ ಇಟ್ಟರೆ ಕರಗುತ್ತದೆ. ಅದನ್ನು ಅವ್ವ ಕಲಿತದ್ದು ನಮ್ಮ ಆಯಿಯಿಂದ, ಅಂದರೆ ಅಪ್ಪನ ತಾಯಿಯಿಂದ. ಆಯಿ ಒಂದು ಕರಾರು ಹಾಕಿ ಹೋಗಿದ್ದಳು. ಈ ವಿದ್ಯೆ ಅತ್ತೆಯಿಂದ ಸೊಸೆಗೆ ಹೋಗಬೇಕು, ಮಗಳಿಗೆ ಹೇಳಕೂಡದು. ಮಗಳು ಹೇಳಿಕೇಳಿ ಬೇರೆ ಮನೆಗೆ ಹೋಗುವವಳು. ಅವ್ವನಿಗೆ ಗಂಡು ಮಕ್ಕಳಿಲ್ಲ, ಆದ್ದರಿಂದ ಸೊಸೆಯೂ ಇಲ್ಲ. ಇರುವವಳು ನಾನೊಬ್ಬಳು. ನಾನು ಬೇರೆ ಮನೆಗೆ ಹೋಗಲೂ ಇಲ್ಲ, ಹೋಗುವ ವಯಸ್ಸೂ ದಾಟಿತು. ಕರಾರು ಮಾತ್ರ ಹಾಗೆಯೇ ಇತ್ತು.

ಲಿಂಬಿ ಹೆಚ್ಚುವುದು, ಉಪ್ಪು ಅರಿಸಿನ ಹಾಕಿ ಬಿಸಿಲಿಗಿಡುವುದು, ಮೆಂತ್ಯ ಸಾಸಿವೆ ಹುರಿಯುವುದು, ಬೆಲ್ಲ ಕರಗಿಸುವುದು ಇವೆಲ್ಲ ನನಗೆ ಗೊತ್ತು. ಬೆಲ್ಲ ಕರಗಿದ ಮೇಲೆ, ಮಸಾಲೆ ಹಾಕುವ ಮೊದಲು, ಏನೋ ಒಂದು ನಡೆಯುತ್ತದೆ. ಪ್ರತಿ ವರ್ಷ ಆ ಗಳಿಗೆ ಬಂದಾಗ ಅವ್ವ ನನ್ನ ಕಡೆ ತಿರುಗದೆ ಹೇಳುತ್ತಿದ್ದಳು: “ಹಿತ್ತಲದಾಗ ಬೆಕ್ಕು ಬಂತೇನು, ನೋಡಿ ಬಾ ಹೋಗು.” ನಾನು ಹೋಗುತ್ತಿದ್ದೆ. ಮರಳಿ ಬರುವಷ್ಟರಲ್ಲಿ ಸೌಟು ಭರಣಿಯೊಳಗೆ ಇರುತ್ತಿತ್ತು. ಇಪ್ಪತ್ತು ವರ್ಷ ಹಿತ್ತಲಿಗೆ ಹೋಗಿ ಬಂದರೂ ಒಂದು ದಿನವೂ ಬೆಕ್ಕು ಕಂಡಿಲ್ಲ ಎಂದು ಬರೆಯಲು ಹೊರಟೆ; ಆದರೆ ಹರಿದ ಕಿವಿಯ ಒಂದು ಬೂದು ಬೆಕ್ಕು ನೆನಪಿಗೆ ಬರುತ್ತಿದೆ. ಅದನ್ನು ನಿಜವಾಗಿ ನೋಡಿದೆನೋ, ಅವ್ವನ ಮರ್ಯಾದೆ ಉಳಿಸಲು ನನ್ನ ನೆನಪೇ ಸಾಕಿಕೊಂಡದ್ದೋ, ತಿಳಿಯದು.

ಹೀಗಿರುವಾಗ ಮಹಿಳಾ ಸಂಘದವರ ಕರೆ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕಿನ ಹೆಂಗಸರು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಸೇರುತ್ತಾರೆ. ಒಂದು ಸಲ ಒಂದು ಊರಿನವರು ತಮಗೆ ಬರುವ ಕೆಲಸವನ್ನು ತಮ್ಮ ಮನೆಯಿಂದಲೇ ಮಾಡಿ ತೋರಿಸಬೇಕು. ಮುದ್ದೇಬಿಹಾಳದವರು ಕಸೂತಿ ತೋರಿಸಿದ್ದರು, ಬಾಗೇವಾಡಿಯವರು ಖಡಕ್ ರೊಟ್ಟಿ ತೋರಿಸಿದ್ದರು. ಇಂಡಿಯ ಪಾಳಿ ಬಂದಾಗ ಎಲ್ಲರೂ ಅವ್ವನ ಹೆಸರು ಹೇಳಿದರು. ಅವ್ವ ಮೊಣಕಾಲಿನ ನೆಪ ಹೇಳಿ ತಪ್ಪಿಸಿಕೊಳ್ಳುವವಳೇ ಇದ್ದಳು. ಅಷ್ಟರಲ್ಲಿ ಸಿಂದಗಿಯಿಂದ ದೊಡ್ಡವ್ವನ ಫೋನು ಬಂತು. ದೊಡ್ಡವ್ವ ಎಂದರೆ ಅವ್ವನ ಅಕ್ಕ. ಆಕೆಯೂ ತಂಗಿಯ ಅಡುಗೆಮನೆಯಿಂದ ಬೆಕ್ಕು ನೋಡಲು ಹಿತ್ತಲಿಗೆ ಹೋಗಿ ಬಂದವಳೇ.

“ನೀ ಒಲ್ಲೆ ಅಂದ್ಯಂತ? ನಾ ಮೊದಲ ಹೇಳಿದ್ನಿ ಅವರಿಗೆ,” ಎಂದಳು ದೊಡ್ಡವ್ವ. “ನನ್ನ ತಂಗಿ ಜೀವಾ ಕೊಟ್ಟಾಳು, ಉಪ್ಪಿನಕಾಯಿ ತೋರಸಂಗಿಲ್ಲ ಅಂತ.”

“ಯಾರ ಒಲ್ಲೆ ಅಂದ್ರು?” ಅವ್ವ ಕೆಂಪಾದಳು. “ತೋರಸ್ತೇನಿ. ಎಲ್ಲಾ ತೋರಸ್ತೇನಿ.”

“ಎಲ್ಲಾ? ನಡುವ ಬೆಕ್ಕು ಬರಂಗಿಲ್ಲಲಾ?”

“ನಾಕ ತಾಲೂಕಿನ ಮುಂದ ನಿಂತ ಮ್ಯಾಲ ಎಲ್ಲಿ ಬೆಕ್ಕು ತಗೀತಿ ಅಕ್ಕಾ?”

“ಹಂಗಾರ ಆಣಿ ಮಾಡು.”

“ಫೋನಿನ್ಯಾಗ ಆಣಿ ಮಾಡಬಾರದು,” ಎಂದು ಅವ್ವ ಫೋನು ಇಟ್ಟಳು. ಇಟ್ಟ ಮೇಲೆ ಬಹಳ ಹೊತ್ತು ಭರಣಿಗಳ ಕಡೆ ನೋಡುತ್ತ ಕೂತಳು. ಆಯಿಗೆ ಕೊಟ್ಟ ಮಾತು ಒಂದು ಕಡೆ, ಅಕ್ಕನಿಗೆ ಆಡಿದ ಮಾತು ಇನ್ನೊಂದು ಕಡೆ. ನನಗೆ ಅವ್ವನ ಮೇಲೆ ಕನಿಕರ ಬಂತು ಎಂದು ದಿನಚರಿಯಲ್ಲಿದೆ. ಅದು ಸುಳ್ಳು. ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಗಿತ್ತು. ಮೊಬೈಲು ಹಿಡಿದು ತೋರಿಸುವವಳು ನಾನೇ ತಾನೇ? ಈ ಸಲ ಬೆಕ್ಕು ನೋಡಲು ಯಾರನ್ನು ಕಳಿಸುತ್ತಾಳೆ?

ತೊಡಕು ಇದ್ದದ್ದು ನೆಟ್‌ವರ್ಕಿನಲ್ಲಿ. ನಮ್ಮದು ಕಲ್ಲು ಮಣ್ಣಿನ ಹಳೆಯ ಮಾಳಿಗೆ ಮನೆ. ಪಡಸಾಲೆಯಲ್ಲಿ ಮೊಬೈಲು ಸುಮಾರಾಗಿ ನಡೆಯುತ್ತದೆ, ಅಡುಗೆಮನೆಯ ಹೊಸ್ತಿಲು ದಾಟಿದರೆ ಸತ್ತಂತೆ. ಪಡಸಾಲೆಯಲ್ಲೇ ಒಲೆ ಇಟ್ಟು ಮಾಡಬಹುದಲ್ಲ ಎಂದೆ.

“ಮಂದಿ ಓಡ್ಯಾಡೂ ಜಾಗಾದಾಗ ಉಪ್ಪಿನಕಾಯಿ ಕಲಸಿದ್ರ ಬೂಸ್ರ ಬಂದು ಕೆಡತೈತಿ,” ಎಂದಳು ಅವ್ವ. “ಅದೂ ಅಲ್ದ ನಿಮ್ಮಪ್ಪ ಬನೇನಿನ ಮ್ಯಾಲ ಅಲ್ಲೇ ಕುಂತಿರತಾರ. ನಾಕ ತಾಲೂಕು ನೋಡಬೇಕೇನು ಅದನ್ನ?”

ಕೇಬಲ್ಲಿನವರು ತಂತಿಯನ್ನು ಪಡಸಾಲೆಯವರೆಗೆ ಎಳೆದುಕೊಟ್ಟರು. ರೌಟರ್ ಮಾತ್ರ ನಿಮಗೆ ಬೇಕಾದದ್ದನ್ನು ನೀವೇ ಕೊಳ್ಳಿ ಎಂದರು. ನಾನು ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಒಂದು ನೋಟ್‌ಬುಕ್ಕು ತೆಗೆದು ಗೆರೆ ಎಳೆದು ಖಾನೆ ಮಾಡಿದೆ. ವೇಗ, ಆಂಟೆನಾ, ಏಕಕಾಲಕ್ಕೆ ಎಷ್ಟು ಮೊಬೈಲು, ಗ್ಯಾರಂಟಿ ಎಷ್ಟು ವರ್ಷ, ಕೊಂಡವರು ಏನಂದರು. ದಿನಾ ಸಿಂದಗಿಗೆ ಹೋಗುವ ಬಸ್ಸಿನಲ್ಲಿ ಕೂತು ಕೊಂಡವರ ಅಭಿಪ್ರಾಯ ಓದಿದೆ. ಒಬ್ಬರು ಇದರಂಥದು ಇನ್ನೊಂದಿಲ್ಲ ಎಂದು ಬರೆದಿದ್ದರೆ, ಅದೇ ರೌಟರಿಗೆ ಇನ್ನೊಬ್ಬರು ಬೈಗುಳದ ಮಳೆಗರೆದಿದ್ದರು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದರೆ ಆಂಟೆನಾ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದರು. ಹಾಗೆ ಹೇಳಿದವರ ಮನೆಯಲ್ಲಿ ರೌಟರೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕೊನೆಗೆ ಬಜಾರಿನ ಮಾಮಾನ ಅಂಗಡಿಗೆ ಹೋದೆ. ಅವರ ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರು, ಅಪ್ಪ ರೇಡಿಯೋ, ಇವರು ಟಿವಿ, ಮೊಬೈಲು, ಈಗ ರೌಟರ್. ಇಂಡಿಯ ಅರ್ಧ ಊರಿಗೆ ಅವರು ಮಾಮಾ. ರಂಜಾನಿನಲ್ಲಿ ಅವರ ಮನೆಯಿಂದ ನಮಗೆ ಶ್ಯಾವಿಗೆ ಹಾಲಿನ ಸುರಕುಂಬಾ ಬರುತ್ತದೆ, ಆ ಡಬ್ಬಿ ಖಾಲಿ ಹೋಗಬಾರದೆಂದು ಅವ್ವ ಉಪ್ಪಿನಕಾಯಿ ತುಂಬಿ ಕಳಿಸುತ್ತಾಳೆ. ನಾನು ನೋಟ್‌ಬುಕ್ಕು ತೆರೆದು, ಇಷ್ಟು ವೇಗ, ನಾಲ್ಕು ಆಂಟೆನಾ, ಎರಡೂ ಬ್ಯಾಂಡು ಎಂದು ಓದಿದೆ. ಮಾಮಾ ಯಾವುದೋ ಹಳೆಯ ರೇಡಿಯೋಕ್ಕೆ ಬೆಸುಗೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

“ಗ್ವಾಡಿ ಎಷ್ಟು ದಪ್ಪ ಅದಾವ?” ಎಂದರು.

“ಏನ್ರಿ?”

“ನಿಮ್ಮ ಮನಿ ಗ್ವಾಡಿ. ಮೊಳ ಅದಾವೋ, ಎರಡು ಮೊಳ ಅದಾವೋ? ಕಲ್ಲಿನವೋ, ಇಟ್ಟಂಗಿವೋ?”

ಹುಟ್ಟಿದಾಗಿನಿಂದ ಅದೇ ಗೋಡೆಗೆ ಒರಗಿ ಕೂತು ಓದಿದ ನನಗೆ ಉತ್ತರ ಗೊತ್ತಿರಲಿಲ್ಲ. “ದಪ್ಪ ಅದಾವ್ರಿ” ಎಂದೆ.

“ದಪ್ಪ ಅಂದ್ರ ನಾನೂ ದಪ್ಪ ಅದೇನಿ. ಅಳದು ಬರಕೊಂಡು ಬಾ ಹೋಗವಾ.”

ಅಪ್ಪ ಮೋಜಣಿ ಇಲಾಖೆಯಲ್ಲಿ ಜಮೀನು ಅಳೆದು ನಿವೃತ್ತರಾದವರು. ಅಳೆಯಬೇಕು ಎಂದ ಕೂಡಲೇ ಅವರು ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡರು. ಟೇಪು ತೆಗೆದರು, ನನ್ನನ್ನು ಒಂದು ತುದಿ ಹಿಡಿಯಲು ನಿಲ್ಲಿಸಿದರು, ಇಡೀ ಮನೆಯ ನಕ್ಷೆ ಬರೆದು ಉತ್ತರ ದಿಕ್ಕಿನ ಬಾಣ ಹಾಕಿದರು. ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆ ಎರಡೂಮುಕ್ಕಾಲು ಅಡಿ ಇತ್ತು. ಒಳಗಿನ ಅಳತೆಗಳನ್ನೂ ಗೋಡೆಗಳ ದಪ್ಪವನ್ನೂ ಕೂಡಿಸಿದರೆ ಹೊರಗಿನ ಅಳತೆಗಿಂತ ಒಂದು ಗೇಣು ಕಡಿಮೆ ಬಂತು. “ಯಾರೋ ಒತ್ತುವರಿ ಮಾಡ್ಯಾರ,” ಎಂದು ಅಪ್ಪ ಅವ್ವನ ಕಡೆ ನೋಡಿದರು.

“ಹೌದ್ರಿ, ನಾನ ಮಾಡೇನಿ. ಒಂದು ಗೇಣು ಅಡಗಿಮನಿ ಒಳಗ ಎಳಕೊಂಡೇನಿ. ಕೇಸ್ ಹಾಕ್ರಿ,” ಎಂದಳು ಅವ್ವ.

ಮಾಮಾ ಆ ನಕ್ಷೆಯನ್ನು ಬಹಳ ಗೌರವದಿಂದ ನೋಡಿದರು. “ಇದು ಮನಿ ಅಲ್ಲವಾ, ಕೋಟಿ ಐತಿ. ಕೇಳಿಲ್ಲೆ. ರೌಟರಿನ್ಯಾಗ ಎರಡು ನಮೂನಿ ಅಲಿ ಇರತಾವು. ಒಂದು ಬಾಳ ಜೋರ ಓಡತೈತಿ, ಆದ್ರ ಗ್ವಾಡಿ ಬಂತಂದ್ರ ಅಲ್ಲೇ ಕುಂದರತೈತಿ. ಇನ್ನೊಂದು ಸಾವಕಾಶ ಬರತೈತಿ, ಗ್ವಾಡಿ ದಾಟತೈತಿ. ನಿಮಗ ಬೇಕಾಗಿದ್ದು ಎರಡನೇದು. ಆಂಟೆನಾ ಎಣಸಬ್ಯಾಡ. ಇಡೂ ಜಾಗಾ ನೋಡು. ಮನಿ ನಟ್ಟನಡುವ ಇಡು, ಎತ್ತರಕ್ಕ ಇಡು. ತಿಜೂರಿ, ಕೊಡಾ, ಹಂಡೆ ಇಂಥಾವು ಮುಂದ ಇರಬಾರದು.” ಹಾಗೆಂದು ಎರಡು ಆಂಟೆನಾದ ಒಂದು ಸಣ್ಣ ಬಿಳಿಯ ರೌಟರನ್ನು ಕೈಗಿಟ್ಟರು.

ಮಾಮಾ ಅವರ ಸಲಹೆಯಂತೆ ಕೊಂಡೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಈಗ ಎದ್ದು ಹೋಗಿ ನೋಡಿ ಬಂದೆ. ನಮ್ಮ ಮನೆಯಲ್ಲಿರುವ ರೌಟರ್ ಕರಿಯದು, ಅದಕ್ಕೆ ನಾಲ್ಕು ಆಂಟೆನಾ ಇವೆ. ಅಂದರೆ ಮಾಮಾನ ಮಾತು ಕೇಳಿಸಿಕೊಂಡು, ತಲೆಯಾಡಿಸಿ, ನೋಟ್‌ಬುಕ್ಕಿನಲ್ಲಿ ಮೊದಲೇ ಅಡಿಗೆರೆ ಹಾಕಿಕೊಂಡಿದ್ದನ್ನೇ ತಂದಿದ್ದೇನೆ. ಓದಿದವರು ಸಲಹೆ ಕೇಳುವ ರೀತಿ ಅದು.

ಕರಿಯ ರೌಟರನ್ನು ಟಿವಿಯ ಮೇಲೆ ಇಟ್ಟೆವು, ತಿಜೋರಿಯ ಮೇಲೆ ಇಟ್ಟೆವು, ಅಪ್ಪನ ಕಪಾಟಿನ ನೆತ್ತಿಯ ಮೇಲೆ ಇಟ್ಟೆವು. ನಾನು ಅಡುಗೆಮನೆಯಲ್ಲಿ ಮೊಬೈಲು ಎತ್ತಿ ಹಿಡಿದು ತಿರುಗುತ್ತಿದ್ದೆ. ಪಡಸಾಲೆಯಿಂದ ಅಪ್ಪ “ಬಂತೇನು?” ಎನ್ನುವರು, ನಾನು “ಇಲ್ಲ” ಎನ್ನುವೆ, ಅವರು ನಕ್ಷೆಯಲ್ಲಿ ಆ ಜಾಗಕ್ಕೆ ಒಂದು ಸೊನ್ನೆ ಹಾಕುವರು. ನಕ್ಷೆ ತುಂಬ ಸೊನ್ನೆಗಳಾದವು.

ನಮ್ಮ ಪಡಸಾಲೆ ಮತ್ತು ಅಡುಗೆಮನೆಯ ನಡುವಿನ ಗೋಡೆಯಲ್ಲಿ ಒಂದು ದೀಪದ ಗೂಡು ಇದೆ. ಆಚೆಯಿಂದ ಈಚೆಗೆ ಆರುಪಾರು ತೆರೆದ ಗೂಡು. ಕರೆಂಟು ಇಲ್ಲದ ಕಾಲದಲ್ಲಿ ಅಲ್ಲಿ ಒಂದು ದೀಪ ಇಟ್ಟರೆ ಎರಡೂ ಕೋಣೆಗೆ ಬೆಳಕು ಬೀಳುತ್ತಿತ್ತಂತೆ. ರೌಟರನ್ನು ಅಲ್ಲಿಡೋಣ ಎಂದು ಮೊದಲು ಹೇಳಿದವರು ಯಾರು? ನಾನು ಎಂದು ದಿನಚರಿ ಹೇಳುತ್ತದೆ. ತಾವು ಎಂದು ಅಪ್ಪ ಹೇಳುತ್ತಾರೆ. ಆದರೆ ಆ ಮಾತು ನನ್ನ ಕಿವಿಯಲ್ಲಿ ಉಳಿದಿರುವುದು ರೊಟ್ಟಿ ಬಡಿಯುವ ಸಪ್ಪಳದ ಜೊತೆಗೆ. ರೊಟ್ಟಿ ಬಡಿಯುವುದು ನಾನೂ ಅಲ್ಲ, ಅಪ್ಪನೂ ಅಲ್ಲ.

ಗೂಡಿನಲ್ಲಿ ಇಟ್ಟರೂ ಅಡುಗೆಮನೆಗೆ ಏನೂ ಬರಲಿಲ್ಲ. ಹೋಗಿ ನೋಡಿದರೆ, ಅಡುಗೆಮನೆಯ ಕಡೆಯಿಂದ ಗೂಡಿನ ಬಾಯಿಗೆ ಹಿತ್ತಾಳೆಯ ಪರಾತ ಒರಗಿಸಿತ್ತು. ಹಿಟ್ಟು ನಾದುವ ದೊಡ್ಡ ಪರಾತ. ತೊಳೆದ ಮೇಲೆ ಅವ್ವ ಅದನ್ನು ಇಡುವ ಜಾಗವೇ ಅದು. ತೆಗೆದೆ. ತೆಗೆದ ಕೂಡಲೇ ಮೊಬೈಲಿನಲ್ಲಿ ಗೆರೆಗಳು ತುಂಬಿದವು. ಮತ್ತೆ ಇಟ್ಟೆ, ಹೋದವು. ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು. ಅಲೆಗಳು ಹೇಗೆ ಹರಿಯುತ್ತವೆ, ಲೋಹ ಅವನ್ನು ಹೇಗೆ ತಡೆಯುತ್ತದೆ ಎಂದು ಅವ್ವನಿಗೆ ಪೂರ್ತಿ ವಿವರಿಸಿದೆ.

“ಅಂದ್ರ ಪರಾತ ಇಟ್ರ ನೆಟ್ಟ ಹೋಗತೈತಿ?” ಎಂದಳು ಅವ್ವ.

“ಹೌದು.”

“ತಗದ್ರ ಮತ್ತ ಬರತೈತಿ?”

“ಹೌದವಾ. ಅದಕ್ಕ ಇನ್ನ ಮ್ಯಾಲ ಇಲ್ಲಿ ಪರಾತ ಇಡಬ್ಯಾಡ.”

“ಖರೇನ?”

“ಖರೇ.”

“ಬಾಳ ಓದೀದಿ ನೋಡು ನೀ,” ಎಂದಳು. ನನ್ನ ಓದನ್ನು ಅವ್ವ ಹೊಗಳಿದ್ದು ಅದೇ ಮೊದಲು ಎಂದು ಅಂದಿನ ಪುಟದಲ್ಲಿ ಬರೆದು ಎರಡು ಸಲ ಅಡಿಗೆರೆ ಎಳೆದಿದ್ದೇನೆ. ಆ ಗೆರೆಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ. ಅವ್ವ ಇಳಕಲ್ಲ ಸೀರೆ ಉಟ್ಟಳು. ಅಪ್ಪನಿಗೆ ಒಳಗೆ ಬರಲು ಅಪ್ಪಣೆ ಇರಲಿಲ್ಲ, ಆದರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟೊಪ್ಪಿಗೆ ಇಟ್ಟು ಪಡಸಾಲೆಯಲ್ಲಿ ತಮ್ಮ ಮೊಬೈಲು ತೆರೆದುಕೊಂಡು ಕೂತರು. ನಾನು ಗೂಡಿಗೆ ಬೆನ್ನು ಹಾಕಿ, ಒಲೆಯ ಕಡೆಗೆ ಮೊಬೈಲು ಹಿಡಿದು ನಿಂತೆ. ತೆರೆಯ ಮೇಲೆ ಚೌಕ ಚೌಕವಾಗಿ ನಾಲ್ಕು ತಾಲೂಕಿನ ಮುಖಗಳು ಬಂದವು. ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ದೊಡ್ಡವ್ವನ ಮುಖ. ಮೂಗು ತೆರೆಗೆ ತಾಗುವಷ್ಟು ಹತ್ತಿರ ಕೂತಿದ್ದಳು. ಕೈಯಲ್ಲಿ ಪೆನ್ನು ಇತ್ತು.

ಅವ್ವ ಇಷ್ಟು ಚೆನ್ನಾಗಿ ಮಾತಾಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಎಂಥ ಲಿಂಬಿ ಆರಿಸಬೇಕು, ಎಷ್ಟು ದಿನ ಬಿಸಿಲಿಗಿಡಬೇಕು, ಕೈ ಹಸಿ ಇದ್ದರೆ ಏನಾಗುತ್ತದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಉಪ್ಪಿನಲ್ಲಿ ಮೊದಲೇ ಕಳಿತ ಲಿಂಬಿಯ ಭರಣಿ ತೆರೆದು ತೋರಿಸಿದಳು. ಬಾಗೇವಾಡಿಯ ಅಧ್ಯಕ್ಷೆ “ವಾಹ್” ಎಂದರು. ಮೆಂತ್ಯ ಹುರಿದಾಯಿತು. ಬೆಲ್ಲ ಕರಗಿತು. ದೊಡ್ಡವ್ವ ಪೆನ್ನಿನ ಟೊಪ್ಪಿಗೆ ತೆಗೆದಳು.

“ಈಗ ನೋಡ್ರಿ, ಇದು ಮುಖ್ಯ,” ಎಂದಳು ಅವ್ವ. “ಸ್ವಲ್ಪ ಸರಿಯವಾ, ಮಸಾಲಿಗೆ ಪರಾತ ತಗೋತೇನಿ.” ನನ್ನ ಬೆನ್ನ ಹಿಂದೆ ಹಾದುಹೋದಳು. ಹಿತ್ತಾಳೆ ಕಲ್ಲಿಗೆ ತಾಗಿದ ಸಣ್ಣ ಸಪ್ಪಳ ಕೇಳಿಸಿತು. ಕೇಳಿಸಿತು ಎಂದು ಈಗ ಬರೆಯುತ್ತಿದ್ದೇನೆ. ಆಗ ಕೇಳಿಸಿದ್ದರೆ ತಿರುಗಿ ನೋಡಬೇಕಿತ್ತಲ್ಲ? ಅವ್ವ ಮತ್ತೆ ಒಲೆಯ ಮುಂದೆ ಬಂದಳು. ಅಷ್ಟರಲ್ಲಿ ಪರದೆಯ ಮೇಲಿನ ಮುಖಗಳೆಲ್ಲ ಒಂದೊಂದಾಗಿ ನಿಂತುಬಿಟ್ಟವು. ದೊಡ್ಡವ್ವ ಬಾಯಿ ತೆರೆದ ಹಾಗೆಯೇ ನಿಂತಳು.

“ಯಾಕವಾ, ಎಲ್ಲಾರೂ ಗೊಂಬಿ ಆದ್ರಲ್ಲ?” ಎಂದಳು ಅವ್ವ. “ನೆಟ್ಟ ಹೋತೇನು, ಹೊರಗ ನೋಡಿ ಬಾ ಹೋಗು.”

ನಾನು ಓಡಿದೆ. ಪಡಸಾಲೆಯಲ್ಲಿ ಅಪ್ಪ ಮೊಬೈಲಿನಿಂದ ಕಣ್ಣು ತೆಗೆಯದೆ, “ಇಲ್ಲೆ ಎಲ್ಲಾ ಬರಾಕತ್ತೈತಲ್ಲ! ನಿಮ್ಮ ದೊಡ್ಡವ್ವ ಒದರಾಕತ್ತಾಳ. ನಿಮ್ಮವ್ವ ಒಬ್ಬಾಕಿನ ಗೊಂಬಿ ಆಗ್ಯಾಳ” ಎಂದರು. ಸ್ವಲ್ಪ ಬುದ್ಧಿ ಇದ್ದ ಯಾರಿಗಾದರೂ ಅಷ್ಟು ಸಾಕಿತ್ತು. ನಾನು ಗೂಡಿನ ಪಡಸಾಲೆಯ ಕಡೆ ನಿಂತು ಮಿನುಗುತ್ತಿದ್ದ ದೀಪಗಳನ್ನಷ್ಟೇ ನೋಡಿದೆ, ಏನೂ ತಿಳಿಯದೆ ಪ್ಲಗ್ಗು ಕಿತ್ತು ಮತ್ತೆ ಹಾಕಿದೆ. ಒಂದೊಂದೇ ದೀಪ ಮರಳಿ ಹತ್ತುವವರೆಗೆ ಅಲ್ಲೇ ಕಾದೆ. ಒಳಗೆ ಮರಳಿದಾಗ ಪರಾತ ನೆಲದ ಮೇಲಿತ್ತು, ಅದರ ತುಂಬ ಮಸಾಲೆ ಇತ್ತು. ಸೌಟು ಭರಣಿಯೊಳಗೆ ಇತ್ತು.

ಮುಖಗಳು ಮತ್ತೆ ಅಲುಗಾಡಿದವು. ಮೊದಲು ಬಂದದ್ದು ದೊಡ್ಡವ್ವನ ಧ್ವನಿ: “ಬೆಕ್ಕು ಬಂತು! ನಾ ಹೇಳಿದ್ನಿ, ಬೆಕ್ಕು ಬಂತು!”

“ಯಾವ ಬೆಕ್ಕ್ರಿ?” ಎಂದು ಮುದ್ದೇಬಿಹಾಳದವರೊಬ್ಬರು ಕೇಳಿದರು. “ಅಕ್ಕಾರ, ನಮಗೇನೂ ಕಾಣಲಿಲ್ಲ. ಇನ್ನೊಮ್ಮೆ ತೋರಸ್ರಿ.”

“ಅಯ್ಯ, ತೋರಸಿದ್ನಲ್ಲರಿ! ಕಾಣಲಿಲ್ಲೇನು?” ಅವ್ವನ ಮುಖದಲ್ಲಿದ್ದ ದುಃಖ ನೋಡಬೇಕಿತ್ತು. “ಉಪ್ಪಿನಕಾಯಿ ಎರಡೆರಡು ಸಲ ಕೆದರಬಾರದ್ರಿ, ಕೆಡತೈತಿ.”

ಅಧ್ಯಕ್ಷೆ ಸಮಾಧಾನ ಮಾಡಲು ಬಂದರು. “ನಿಮ್ದೇನ ತಪ್ಪೈತ್ರಿ, ಮಷೀನಿನ ತಪ್ಪು. ಯಾವ ರೌಟರ್ ತಂದೀರಿ?”

“ನಮ್ಮ ಮಗಳು ಆರಿಸಿ ತಂದಾಳ್ರಿ,” ಎಂದಳು ಅವ್ವ. “ಬಾಳ ಓದ್ಯಾಳ.”

ಸೋಮವಾರ ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಮೊದಲೇ ಸುದ್ದಿ ಅಲ್ಲಿಗೆ ಇಳಿದಿತ್ತು. ಸ್ಟಾಫ್ ರೂಮಿನಲ್ಲಿ ನನ್ನನ್ನು ನೋಡಿದವರೆಲ್ಲ, ಆಂಟೆನಾ ಹೆಚ್ಚಿಗಿದ್ದದ್ದು ತರಬೇಕಿತ್ತು ಎಂದರು. ದೊಡ್ಡವ್ವ ನನಗೆ ಬೇರೆಯಾಗಿ ಫೋನು ಮಾಡಿದಳು. “ಖರೇ ಹೇಳು ನನ್ನ ಬಂಗಾರಾ. ನೆಟ್ಟ ಹೋತೋ, ನಿಮ್ಮವ್ವ ಕಳಿಸಿದಳೋ?” ಆ ಹೊತ್ತಿಗೆ ನನಗೆ ಗೊತ್ತಾಗಿತ್ತು. ಶನಿವಾರ ಸಂಜೆಯೇ ಗೂಡಿನ ಅಡುಗೆಮನೆಯ ಅಂಚಿನಲ್ಲಿ, ಸುಣ್ಣದ ಮೇಲೆ, ಅರಿಸಿನ ಹತ್ತಿದ ಒಂದು ಕಮಾನಿನ ಗುರುತು ನೋಡಿದ್ದೆ. ಪರಾತದ ಅಂಚಿಗೆ ಸರಿಯಾಗಿ ಹೊಂದುವ ಗುರುತು. ನನ್ನ ಬಾಯಿಂದ ಬಂದ ಮಾತು ಹೀಗಿತ್ತು: “ರೌಟರ್ ಕೈ ಕೊಟ್ಟಿತು ದೊಡ್ಡವ್ವಾ. ನಾ ಆರಿಸಿದ್ದ ಚಲೋ ಇಲ್ಲ.” ನಾನು ಅವ್ವನನ್ನು ಯಾಕೆ ಕಾಪಾಡಿದೆ? ಪ್ರೀತಿಯಿಂದ ಎಂದು ಬರೆಯಲು ಕೈ ಬರುತ್ತಿಲ್ಲ. ಗುಟ್ಟು ಸಿಂದಗಿಗೆ ಹೋದರೆ ನನ್ನ ಪಾಲಿಗೆ ಏನು ಉಳಿಯುತ್ತದೆ ಎಂಬ ಹೊಟ್ಟೆಕಿಚ್ಚೂ ಅದರಲ್ಲಿ ಇದ್ದಿರಬೇಕು.

ಆದರೆ ಮಾಮಾನ ಕಥೆ ಬೇರೆ. ಅವರ ಅಂಗಡಿಯ ಮಾಲು ಕೆಟ್ಟದ್ದು ಎಂದು ಬಜಾರಿನಲ್ಲಿ ಮಾತು ಹಬ್ಬಿತ್ತು. ನಾನು ಅವರ ಮಾತು ಮೀರಿ ಆರಿಸಿದ್ದೆ, ಅವ್ವ ಪರಾತ ಇಟ್ಟಿದ್ದಳು, ಬೈಸಿಕೊಳ್ಳುತ್ತಿದ್ದವರು ಅವರು. ಮರುದಿನ ಮಾಮಾ ತಾವೇ ಮನೆಗೆ ಬಂದರು. ಪಡಸಾಲೆಯಲ್ಲಿ ನೋಡಿದರು, ಅಡುಗೆಮನೆಯಲ್ಲಿ ನೋಡಿದರು, ಅಪ್ಪನ ನಕ್ಷೆ ತರಿಸಿ ಸೊನ್ನೆಗಳನ್ನು ನೋಡಿದರು. ಎಲ್ಲ ಕಡೆ ರೌಟರ್ ಸರಿಯಾಗಿಯೇ ನಡೆಯುತ್ತಿತ್ತು. ಅವ್ವ ರೊಟ್ಟಿಯ ಜೊತೆ ಹೊಸ ಉಪ್ಪಿನಕಾಯಿ ಬಡಿಸಿದಳು. ಮಾಮಾ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಅವು ನೇರವಾಗಿ ಗೂಡಿನ ಅಂಚಿನ ಅರಿಸಿನದ ಕಮಾನಿನ ಮೇಲೆ ನಿಂತವು. ಅಲ್ಲಿಂದ ಮೂಲೆಯಲ್ಲಿದ್ದ ಪರಾತಕ್ಕೆ ಹೋದವು. ಅಲ್ಲಿಂದ ಅವ್ವನ ಕಡೆ ಬಂದವು.

“ಅಕ್ಕಾರ, ರೌಟರ್ ಚಲೋ ಐತಿ,” ಎಂದರು ಮಾಮಾ. “ಪರಾತ ಅದಕ್ಕಿಂತ ಚಲೋ ಐತಿ.”

ಅವ್ವ ಸೆರಗು ಸರಿಮಾಡಿಕೊಂಡಳು. “ಅಣ್ಣಾರ, ಇನ್ನೊಂದು ರೊಟ್ಟಿ ಹಾಕ್ತೇನಿ.”

“ಹಾಕ್ರಿ. ನಾ ಬಜಾರದಾಗ ಏನ ಹೇಳ್ಲಿ? ನನ್ನ ಅಂಗಡಿ ಹೆಸರು ಹೋಗಾಕತ್ತೈತಿ.”

“ಗ್ವಾಡಿ ದಪ್ಪ ಅದಾವ ಅಂತ ಹೇಳ್ರಿ.”

ಮಾಮಾ ನಕ್ಕರೆ ಅವರ ಇಡೀ ಮೈ ನಗುತ್ತದೆ. ಹೋಗುವಾಗ ಅವರ ಕೈಯಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಇತ್ತು. ಆ ವಾರ ಬಜಾರಿನಲ್ಲಿ ರೌಟರಿನ ಮಾತು ನಿಂತು, ನಮ್ಮ ಗೋಡೆಗಳ ಮಾತು ಶುರುವಾಯಿತು. ಮೂರಡಿ ಅಂತೆ, ನಾಲ್ಕಡಿ ಅಂತೆ. ಅಪ್ಪನಿಗೆ ಮಾತ್ರ ಬೇಸರ. ಅಳತೆ ತಪ್ಪು ಹೇಳುತ್ತಾರೆ ಎಂದು ಕಂಡವರಿಗೆಲ್ಲ ನಕ್ಷೆ ತೋರಿಸುತ್ತಿದ್ದರು.

ದೊಡ್ಡವ್ವ ಸೋಲೊಪ್ಪಿಕೊಳ್ಳುವ ಪೈಕಿ ಅಲ್ಲ. ಸಿಂದಗಿಯ ತನ್ನ ಹೊಸ ಮನೆಯಿಂದಲೇ ಇನ್ನೊಮ್ಮೆ ಕಾರ್ಯಕ್ರಮ ಮಾಡೋಣ, ನೀನು ಇಲ್ಲಿಗೆ ಬಾ ಎಂದು ಅವ್ವನಿಗೆ ಕರೆ ಕಳಿಸಿದಳು. ಅವ್ವ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

“ಅಕ್ಕಾ, ನಿಮ್ಮ ಹೊಸ ಮನಿ ಗ್ವಾಡಿ ಎಷ್ಟು ದಪ್ಪ ಅದಾವ?”

“ನಾಕ ಇಂಚಿನ ಗ್ವಾಡಿ. ಯಾಕ?”

“ಹಂಗಾರ ಆಗೂದಿಲ್ಲವಾ. ಮಣಕಾಲ ಬಾಳ ನೋಯಾಕತ್ತಾವ.”

ಇದಾದ ಮೇಲೆ, ಎಷ್ಟು ದಿನಕ್ಕೆ ಎಂದು ಹೇಳಲಾರೆ, ಅವ್ವ ಮತ್ತೆ ಭರಣಿ ತೆಗೆದಳು. ನಾನು ಎಂದಿನಂತೆ ಬೆಲ್ಲ ಕೆತ್ತಿ ಕೊಟ್ಟೆ. ಬೆಲ್ಲ ಕರಗಿತು. ಹಿತ್ತಲಿಗೆ ಹೋಗಬೇಕಾದ ಗಳಿಗೆ ಬಂತೆಂದು, ಹೇಳಿಸಿಕೊಳ್ಳುವ ಮೊದಲೇ ಎದ್ದೆ.

“ಎಲ್ಲಿ ಹೊಂಟಿ?” ಎಂದಳು ಅವ್ವ.

“ಬೆಕ್ಕು ನೋಡಾಕ.”

“ಬೆಕ್ಕು ಇಲ್ಲ, ಏನಿಲ್ಲ. ಕುಂದರು. ನಿಮ್ಮ ದೊಡ್ಡವ್ವ ಅಷ್ಟು ಕೆದಕಿ ಕೇಳಿದ್ರೂ ನೀ ಬಾಯಿ ಬಿಡಲಿಲ್ಲಂತ. ಆಕಿನ ಹೇಳಿದಳು, ನಿನ್ನ ಮಗಳೂ ನಿನ್ನಂಗ ಕಳ್ಳಿ ಅಂತ.” ಅವ್ವ ಸೌಟನ್ನು ಒಂದು ಸುತ್ತು ತಿರುವಿದಳು. “ಮಗಳಿಗೆ ಹೇಳಬ್ಯಾಡ, ಬ್ಯಾರೆ ಮನಿಗೆ ಹೋಗತಾಳ ಅಂದಿದ್ರು ನಿಮ್ಮ ಆಯಿ. ನೀ ಎಲ್ಲಿ ಹೋಗ್ತಿ? ಮುಂಜಾನೆ ಸಿಂದಗಿಗೆ ಹೋಗ್ತಿ, ಸಂಜಿಗೆ ತಿರುಗಿ ಬರ್ತಿ. ಅದೂ ಒಂದು ಹೋಗೂದೇನು?”

ನಾನು ಕೂತೆ.

“ಮೊದಲ ಆ ಪರಾತ ಗೂಡಿಗೆ ಇಟ್ಟು ಬಾ,” ಎಂದಳು.

“ಈಗ ಯಾರೂ ನೋಡಾಕತ್ತಿಲ್ಲವಾ. ಮೊಬೈಲು ಪಡಸಾಲ್ಯಾಗ ಐತಿ.”

“ಇರಲಿ. ಇಟ್ಟು ಬಾ.”

ಇಟ್ಟು ಬಂದೆ. ಅವ್ವ ತೋರಿಸಿದಳು. ಕಣ್ಣು ಮಿಟುಕಿಸದೆ ನೋಡಿದೆ, ಕೈಯಿಂದ ಮಾಡಿಯೂ ನೋಡಿದೆ. ಅದು ನನ್ನ ಬಳಿ ಇರುವ ನೆನಪುಗಳಲ್ಲಿ ನಾನು ಸಂದೇಹಪಡದ ಒಂದೇ ನೆನಪು. ಅಂದಿನ ದಿನಚರಿಯ ಪುಟ ಹುಡುಕಿ ತೆಗೆದಿದ್ದೇನೆ. ಅದರಲ್ಲಿ ಇರುವುದು ಒಂದೇ ಸಾಲು: ಲಿಂಬಿಕಾಯಿ ಹಾಕಿದೆವು; ನಡುವೆ ಬೆಕ್ಕು ಬಂದಿತ್ತು, ನೋಡಲು ಹಿತ್ತಲಿಗೆ ಹೋಗಿದ್ದೆ.